ಯಮುನಾಬಾಯಿಯ ಕನಸು ಬೇರೆಯವರ ಪಾಲಾದದ್ದು

ಇಪ್ಪತ್ತಾರು ವರ್ಷ ನಾನು ಹಡಗಿನ ಜನರನ್ನು ಕಾಡು ದಾಟಿಸಿದ್ದೇನೆ. ಕೆಸರಿಗೆ ಬಿದ್ದು ಚಪ್ಪಲಿ ಕಳಕೊಂಡವರಿದ್ದಾರೆ, ಜಿಗಣೆ ಕಂಡು ನನ್ನ ಹೆಗಲೇರಿದವರಿದ್ದಾರೆ, ಮಂಗ ಕನ್ನಡಕ ಕಿತ್ತುಕೊಂಡು ಹೋಯಿತೆಂದು ನನ್ನ ಮೇಲೆಯೇ ಹರಿಹಾಯ್ದವರಿದ್ದಾರೆ. ಆದರೆ ಒಬ್ಬರ ಕನಸನ್ನು ಇನ್ನೊಬ್ಬರಿಗೆ ಕೊಟ್ಟವಳು ಅಂತ ನನ್ನನ್ನು ಯಾರೂ ಅಂದಿರಲಿಲ್ಲ. ದುಗ್ಗಕ್ಕ ಅಂದರೆ ನಮ್ಮೂರಲ್ಲಿ ಆ ಹೆಸರಿಗೆ ಒಂದು ತೂಕವಿತ್ತು. ಅದು ಇಳಿದದ್ದು ಹೇಗೆ ಅಂತ ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಉಪ್ಪುಖಾರ ಜಾಸ್ತಿ ಇರುತ್ತದೆ.

ನಮ್ಮದು ಕಾಲುವೆಯ ಊರು. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹೋಗುವ ಹಡಗುಗಳೆಲ್ಲ ನಮ್ಮ ಮನೆಗಳ ಮುಂದೆಯೇ ಹಾದು, ಗುಡ್ಡ ಏರಬೇಕು. ಹಡಗು ಗುಡ್ಡ ಏರುವುದೇ ಅಂತ ಕೇಳಬೇಡಿ, ಏರುತ್ತದೆ. ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ಬಾಗಿಲುಗಳಿವೆ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸುತ್ತಾರೆ, ನೀರಿನ ಜೊತೆ ಹಡಗೂ ಮೇಲೇಳುತ್ತದೆ, ಆಮೇಲೆ ಮುಂದಿನ ಬಾಗಿಲು ತೆಗೆಯುತ್ತಾರೆ. ಕೆಳಬಾಗಿಲಿನಿಂದ ಮೇಲ್ಬಾಗಿಲಿಗೆ ಬರುವಷ್ಟರಲ್ಲಿ ಸಂಜೆ ನಾಲ್ಕಾಗುತ್ತದೆ. ಅಲ್ಲಿಯವರೆಗೆ ಡೆಕ್ಕಿನ ಮೇಲೆ ಕೂತು ಬೇಸತ್ತಾರೆಂದು ಪ್ರಯಾಣಿಕರನ್ನು ಬೆಳಿಗ್ಗೆ ಏಳಕ್ಕೆ ಇಳಿಸಿ ನಮ್ಮ ಕೈಗೆ ಕೊಡುತ್ತಾರೆ. ನಾವು ಅವರನ್ನು ಕಾಡಿನೊಳಗೆ ನಡೆಸಿ, ಆಚೆ ಬದಿಯಲ್ಲಿ ಬಸ್ಸು ಹತ್ತಿಸಿ, ಕಾಲುವೆಯ ದಂಡೆಗುಂಟ ಕರೆತಂದು ಮೇಲ್ಬಾಗಿಲಲ್ಲಿ ಅವರ ಹಡಗಿಗೆ ಒಪ್ಪಿಸುತ್ತೇವೆ.

ಹಡಗು ಕೆಳಬಾಗಿಲಿಗೆ ಬರುವುದು ಬೆಳಗಿನ ಐದಕ್ಕೆ. ಬಂದು ಕೊಂಬು ಊದುತ್ತದೆ. ಊದಿದ್ದೇ ತಡ, ಎದ್ದು ಕೆಲಸಕ್ಕೆ ಹತ್ತಿದ್ದ ನಮ್ಮೂರಿಗೆ ಊರೇ ಮತ್ತೆ ಕಾಲು ಗಂಟೆ ನಿದ್ದೆ ಹೋಗುತ್ತದೆ. ಹಡಗಿನಲ್ಲಿ ಮಲಗಿದವರ ಕನಸು ಆಗ ನಮಗೆ ಬೀಳುತ್ತದೆ. ಅವರಿಗೆ ಎದ್ದ ಮೇಲೆ ಏನೂ ನೆನಪಿರುವುದಿಲ್ಲ. ಇದಕ್ಕೆ ನಾವು ಒಗ್ಗಿಹೋಗಿದ್ದೇವೆ. ಐದು ಗಂಟೆಗೆ ಯಾರೂ ಒಲೆಯ ಮೇಲೆ ಹಾಲಿಡುವುದಿಲ್ಲ, ಕ್ಷೌರದವನು ಕತ್ತಿ ಹಿಡಿಯುವುದಿಲ್ಲ, ಬಾವಿಕಟ್ಟೆಯ ಮೇಲೆ ಯಾರೂ ಕೂರುವುದಿಲ್ಲ. ಮೀನು ಮಾರುವ ಬೊಮ್ಮಿಗೆ ಒಂದು ಸಲ ಹಿಮ ಬೀಳುವ ಕನಸು ಬಿದ್ದು ಮಧ್ಯಾಹ್ನದವರೆಗೆ ಕಂಬಳಿ ಹೊದ್ದುಕೊಂಡೇ ಬೂತಾಯಿ ಮಾರಿದಳು. ಕ್ಯಾಪ್ಟನ್‌ಗಳಿಗೆ ಮಾತ್ರ ಎಲ್ಲರಿಗೂ ಒಂದೇ ಕನಸು, ಪ್ಯಾಂಟು ಹಾಕಿಕೊಳ್ಳದೆ ಡೆಕ್ಕಿಗೆ ಬಂದ ಹಾಗೆ. ಅದು ಯಾರಿಗೆ ಬಿದ್ದರೂ ನಗು ತಡೆದುಕೊಂಡು ಹೋಗಿ ಹೇಳಿ ಬರಬೇಕು.

ಹೇಳಲೇಬೇಕು. ಬಿದ್ದ ಕನಸನ್ನು ಅದರ ಒಡೆಯರಿಗೆ ಮುಟ್ಟಿಸುವುದು ನಮ್ಮೂರಿನ ಮರ್ಯಾದೆ. ಹೆಣ್ಣು ನೋಡಲು ಬಂದವರು ಮೊದಲು ವಿಚಾರಿಸುವುದೇ ಅದನ್ನು, ಈ ಮನೆಯವರು ಕನಸು ಇಟ್ಟುಕೊಳ್ಳುವ ಪೈಕಿಯವರೇನು ಅಂತ. ಮೇಲ್ಬಾಗಿಲು ದಾಟಿ ಹಡಗು ಹೋಗುವ ಮೊದಲು ಹೇಳದಿದ್ದರೆ ಅದು ಅವರಿಗೂ ಇಲ್ಲ, ನಮಗೂ ಇಲ್ಲ. ಒಡೆಯರನ್ನು ಗುರುತಿಸುವುದು ಕಷ್ಟವೇನಲ್ಲ. ಏಣಿ ಇಳಿಯುತ್ತಲೇ ಏನೋ ಬಿಟ್ಟುಬಂದವರ ಹಾಗೆ ಜೇಬು ತಡಕುತ್ತಾರೆ, ಚೀಲ ತೆಗೆದು ನೋಡುತ್ತಾರೆ. ನಾಲ್ಕು ಮಾತಾಡಿಸಿದರೆ ಯಾವುದು ಯಾರದೆಂದು ತಿಳಿಯುತ್ತದೆ. ಹೇಳುವುದಕ್ಕೊಂದು ಕ್ರಮವಿದೆ. ಹೇಳುವವರು ಮುಂದೆ ನಡೆಯಬೇಕು, ಕೇಳುವವರು ಹಿಂದೆ. ಮುಗಿಯುವ ತನಕ ಮುಂದಿನವರು ತಿರುಗಿ ನೋಡಬಾರದು, ಹಿಂದಿನವರು ಹೂಂ ಅನ್ನಲೂ ಬಾರದು. ಹೇಳಿದ ಮೇಲೆ ಹೇಳಿದವರಿಂದ ಅದು ಹೋಯಿತು, ಹಡಗು ದಾಟಿಹೋದರೂ ಕೇಳಿದವರಲ್ಲೇ ಉಳಿಯಿತು. ಇಂಥದ್ದೊಂದು ಕಂಡಿದ್ದೆ ಅನ್ನುವುದು ಉಳಿಯುತ್ತದೆ, ಕಂಡದ್ದು ಉಳಿಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಬೇರೆ ಊರಲ್ಲಿ ಅದು ಗಾದೆ, ನಮ್ಮಲ್ಲಿ ಅದೇ ಕಸುಬು.

ಆ ದಿನ ಕೊಂಬು ಊದಿದಾಗ ನಾನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಎಚ್ಚರವಾದಾಗ ನನ್ನ ಬೆರಳುಗಳು ಗಾಳಿಯಲ್ಲಿ ಜಡೆ ಹೆಣೆಯುತ್ತಿದ್ದವು. ಕನಸಲ್ಲಿ ಕಂಡದ್ದು ಇದು, ಕಲ್ಲಿನ ಮೆಟ್ಟಿಲ ಮೇಲೆ ಒಂದು ಹೆಣ್ಣುಮಗು, ಎಂಟೊಂಬತ್ತು ವರ್ಷದ್ದು, ತಾಯಿಯ ಮೊಣಕಾಲುಗಳ ನಡುವೆ ಕೂತಿದೆ. ತಾಯಿ ಜಡೆ ಹಾಕುತ್ತಿದ್ದಾಳೆ. ಮಗು ಹಲ್ಲಲ್ಲಿ ರಿಬ್ಬನ್ ಕಚ್ಚಿಕೊಂಡು ಹಿಂದಕ್ಕೆ ತಿರುಗಿ, ಬಿಗಿಯಾಗಿ ಕಟ್ಟಮ್ಮಾ, ಬಿಚ್ಚಿಹೋಗಬಾರದು ಅನ್ನುತ್ತದೆ. ಅಷ್ಟೇ. ಆದರೆ ಸುಮಾರು ಕನಸು ಕಂಡವಳು ನಾನು, ಇಟ್ಟುಕೊಳ್ಳೋಣ ಅನ್ನಿಸಿದ್ದು ಅದೊಂದೇ. ಛೀ, ದುಗ್ಗಿ, ಅಂತ ನನ್ನನ್ನೇ ಬೈದುಕೊಂಡು ಮುಖ ತೊಳೆದು ಹೊರಟೆ.

ಏಣಿ ಇಳಿದವರಲ್ಲಿ ಚೀಲ ತಡಕುತ್ತಿದ್ದದ್ದು ಒಬ್ಬರೇ, ಎಪ್ಪತ್ತೆಂಟರ ಒಬ್ಬ ಅಮ್ಮ. ಹೆಸರು ಯಮುನಾಬಾಯಿ ಅಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡು ತಮ್ಮ ಕಥೆ ಹೇಳಿಕೊಂಡರು. ಚಂಪಾ ಅಂತ ಒಬ್ಬಳೇ ಮಗಳು, ಒಂಬತ್ತು ತುಂಬುವ ಮೊದಲೇ ಜ್ವರ ಬಂದು ಹೋದಳು, ಐವತ್ತು ವರ್ಷವಾಯಿತು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಆದರೂ ಮುಖ ಕಣ್ಣಲ್ಲೇ ಇತ್ತು. ಕಳೆದ ವರ್ಷದಿಂದ ಮರೆವು ಶುರುವಾಗಿದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಗಳ ಮುಖ ಇಲ್ಲ. ಹೆಸರಿದೆ, ಜಡೆಯಿದೆ, ಮುಖವಿದ್ದ ಕಡೆ ಬಿಳಿ ಗೋಡೆ. ಡಾಕ್ಟರು ಇನ್ನೂ ಒಂದೊಂದೇ ಹೋಗುತ್ತದೆ ಅಂದಿದ್ದಾರೆ. ನಮ್ಮೂರಿನ ವಿಷಯ ಯಾರೋ ಹೇಳಿದರಂತೆ. ಕೈಬಳೆ ಮಾರಿ ಟಿಕೆಟ್ ತೆಗೆದು, ಕೆಳಬಾಗಿಲು ಬರುವ ಹೊತ್ತಿಗೆ ಮಗಳನ್ನೇ ನೆನೆಯುತ್ತ ಮಲಗಿದರಂತೆ.

"ನನ್ನ ಚಂಪಾ ಯಾರಿಗಾದರೂ ಕಂಡಳೇನಮ್ಮ?" ಅಂದರು.

ಕಂಡಳು, ನನಗೇ ಕಂಡಳು, ಕಾಡಿನಲ್ಲಿ ತೂಗುಸೇತುವೆ ಬರುತ್ತದೆ, ಅಲ್ಲಿ ನನ್ನ ಹಿಂದೆಯೇ ಬನ್ನಿ, ಕೊಡುತ್ತೇನೆ ಅಂದೆ. ಆಯಮ್ಮ ಅಲ್ಲೇ ದಾರಿಯಲ್ಲಿ ಕೂತು ಅತ್ತುಬಿಟ್ಟರು. ನನಗೂ ಹೆಮ್ಮೆ. ನೋಡಿ, ಇಂಥವರ ಕೆಲಸಕ್ಕೆ ದುಗ್ಗಕ್ಕನೇ ಬೇಕು ಅಂದುಕೊಂಡೆ. ಹಾಗೆ ಅಂದುಕೊಂಡಾಗಲೆಲ್ಲ ನನಗೆ ಏನಾದರೊಂದು ಕಾದಿರುತ್ತದೆ.

ಆ ಸಲ ಹನ್ನೊಂದು ಜನ ಇದ್ದರು. ಕಾಡಿನ ಬಾಯಲ್ಲಿ ನಿಲ್ಲಿಸಿ ಎಲ್ಲರಿಗೂ ಕ್ರಮ ಹೇಳಿದೆ. ಬಳ್ಳಿ ಎಳೆಯಬೇಡಿ, ಕಂಡ ಹಣ್ಣು ತಿನ್ನಬೇಡಿ, ಸೇತುವೆಯ ಮೇಲೆ ನಾನು ಮಾತಾಡುತ್ತ ಹೋದರೆ ಹಿಂದಿನವರು ಬಾಯಿ ಬಿಡಬೇಡಿ. ನಮ್ಮ ಕಾಡಿಗೆ ಹೊಕ್ಕರೆ ಬೆಳಗ್ಗೆಯೂ ಸಂಜೆಯ ಹಾಗೆ. ಮರಗಳು ಎಷ್ಟು ಎತ್ತರವೆಂದರೆ ಮಳೆ ಬಂದು ನಿಂತ ಮೇಲೆ ಅರ್ಧ ಗಂಟೆಗೆ ಹನಿ ಕೆಳಗೆ ಮುಟ್ಟುತ್ತದೆ. ಎಲೆಗಳ ಮೇಲೆ ಎಲೆ, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಬೆರಳುದ್ದದ ಹೂ. ಕೊಂಬೆಗೆ ತಲೆಕೆಳಗಾಗಿ ಜೋತ ಆಲಸಿ ಪ್ರಾಣಿಯೊಂದು ಕತ್ತು ತಿರುಗಿಸಿ ನಮ್ಮನ್ನು ನೋಡುವಷ್ಟರಲ್ಲಿ ನಾವು ಹಾದುಹೋಗಿರುತ್ತೇವೆ. ದೂರದಲ್ಲಿ, ಮರಗಳ ಸಂದಿಯಲ್ಲಿ, ನಮ್ಮ ಹಡಗು ಸದ್ದಿಲ್ಲದೆ ಕಾಡಿನ ಮೇಲೇ ತೇಲುತ್ತ ಹೋಗುತ್ತಿತ್ತು. ಅದನ್ನು ನೋಡಿದವರೆಲ್ಲ ಪಿಸುಮಾತಿಗೆ ಇಳಿಯುತ್ತಾರೆ, ಅವತ್ತೂ ಇಳಿದರು.

ಜೌಗಿನ ಮೇಲೆ ತೂಗುಸೇತುವೆ. ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಯಮುನಾಬಾಯಿಯನ್ನು ನನ್ನ ಬೆನ್ನಿಗೆ ನಿಲ್ಲಿಸಿಕೊಂಡು, ಹಗ್ಗ ಹಿಡಿಸಿ, ಮುಂದೆ ಹೆಜ್ಜೆ ಇಟ್ಟೆ. ಹಲಗೆ ತೂಗಿತು, ಹಿಂದೆ ಹೆಜ್ಜೆ ಕೇಳಿತು. ಹೇಳಲು ಶುರುಮಾಡಿದೆ. ಮೆಟ್ಟಿಲು, ಎಣ್ಣೆ ಹಚ್ಚಿದ ಕೂದಲು, ಕಚ್ಚಿದ ರಿಬ್ಬನ್, ತಿರುಗಿದ ಮುಖ. ಆ ಮುಖವನ್ನು ಹೇಗೆ ಹೇಳಿದೆನೋ, ಈಗ ಕೇಳಿದರೆ ಗೊತ್ತಿಲ್ಲ. ಹೇಳುತ್ತ ಹೇಳುತ್ತ ಅದು ನನ್ನಿಂದ ಇಳಿದು ಹೋಗುವುದು ಗೊತ್ತಾಗುತ್ತಿತ್ತು. ಸೇತುವೆ ಮುಗಿಯಿತು, ಮಾತೂ ಮುಗಿಯಿತು. ತಿರುಗಿ ನೋಡಿದೆ.

ನನ್ನ ಹಿಂದೆ ನಿಂತಿದ್ದದ್ದು ನೇಮಿರಾಜಯ್ಯ. ರೈಲಿನ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದು ನಿವೃತ್ತರಾದವರು, ಒಂಟಿಯಾಗಿ ಬಂದಿದ್ದರು, ಬೆಳಗಿನಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಯಮುನಾಬಾಯಿ ಸೇತುವೆಯ ಆಚೆ ತುದಿಯಲ್ಲೇ ಬಗ್ಗಿ ನಿಂತಿದ್ದರು. ಎಲೆ ಹೊತ್ತ ಇರುವೆಗಳ ಸಾಲು ಹೋಗುತ್ತಿತ್ತು, ಅದನ್ನು ನೋಡುತ್ತ ತಾನೆಲ್ಲಿಗೆ ಹೊರಟಿದ್ದೆ ಅನ್ನುವುದನ್ನೇ ಮರೆತಿದ್ದರು. ಹಿಂದಿದ್ದ ನೇಮಿರಾಜಯ್ಯ, ದಾರಿ ಬಿಟ್ಟರಲ್ಲ ಅಂತ ಸೇತುವೆ ಹತ್ತಿದ್ದಾರೆ.

ನಿಮಗೆ ಒಂದು ಮಾತು ಆಡಲೇನಾಗಿತ್ತು ಅಂತ ರೇಗಿದೆ. ಹಿಂದಿನವರು ಬಾಯಿ ಬಿಡಬಾರದೆಂದು ನೀವೇ ಹೇಳಿದ್ದಿರಲ್ಲ ಅಂದರು.

ಯಮುನಾಬಾಯಿ ಸೇತುವೆ ದಾಟಿ ಬಂದರು. ಯಾವಾಗ ಹೇಳುತ್ತೀ ಅಂದರು. ನಿಜ ಹೇಳುವುದಕ್ಕೆ ಅದೇ ಹೊತ್ತು. ನಾನು ಹೇಳಲಿಲ್ಲ. ಮುಂದೆ, ಊಟವಾದ ಮೇಲೆ ಅಂದೆ. ಹಾಗಂದ ನಾಲಿಗೆಯನ್ನು ಈಗಲೂ ಕಚ್ಚಿಕೊಳ್ಳುತ್ತೇನೆ. ಅವರು ನಂಬಿ, ಮಗುವಿನ ಹಾಗೆ ತಲೆಯಾಡಿಸಿ, ಹತ್ತು ಹೆಜ್ಜೆಗೊಂದು ಸಲ ಮತ್ತೆ ಅದನ್ನೇ ಕೇಳಿದರು.

ಊಟಕ್ಕೆ ಕೂತಾಗ ನೇಮಿರಾಜಯ್ಯನನ್ನು ಬದಿಗೆ ಕರೆದೆ. ಅವರು ಕೊರಳಲ್ಲಿದ್ದ ದುರ್ಬೀನಿನ ದಾರವನ್ನು ಮೂರು ಎಳೆ ಮಾಡಿ ಜಡೆ ಹೆಣೆಯುತ್ತಿದ್ದರು, ಅವರಿಗೇ ಅದು ಗೊತ್ತಿರಲಿಲ್ಲ. ನಡೆದದ್ದೆಲ್ಲ ಹೇಳಿದೆ. ಕನಸು ಯಾರದು, ಆ ಅಮ್ಮ ಎಲ್ಲಿಂದ ಯಾಕೆ ಬಂದರು, ಎಲ್ಲ. ನೀವು ಅವರ ಮುಂದೆ ನಡೆದು ಒಂದು ಸಲ ಹೇಳಿಬಿಡಿ, ಅಲ್ಲಿಗೆ ಮುಗಿಯಿತು ಅಂದೆ. ಅವರು ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಮೂವತ್ತೆಂಟು ವರ್ಷ ಕ್ಯಾಬಿನ್ನಿನ ಕಿಟಕಿಯಲ್ಲಿ ನಿಂತಿದ್ದೇನೆ, ಸಾವಿರಾರು ಮಕ್ಕಳು ರೈಲಿನಿಂದ ಕೈಬೀಸಿದ್ದಾವೆ, ಒಂದಾದರೂ ನನಗೆ ಬೀಸಿದ್ದಲ್ಲ, ಹಸಿರು ದೀಪಕ್ಕೆ ಬೀಸಿದ್ದು ಅಂದರು. ಮದುವೆ ಇಲ್ಲ, ಅಕ್ಕತಂಗಿ ಇಲ್ಲ, ಮನೆಯಲ್ಲೊಂದು ಮಗು ಓಡಾಡಿದ್ದು ಗೊತ್ತಿಲ್ಲ. ಈ ಮಗು ತಿರುಗಿ ನನ್ನನ್ನು ನೋಡಿತು ಅಂದರು.

"ನೋಡಿದ್ದು ಅದರ ತಾಯಿಯನ್ನು," ಅಂದೆ.

"ಗೊತ್ತು. ಆದರೆ ಕಣ್ಣು ನನ್ನ ಮೇಲಿತ್ತು."

ಕಳ್ಳ ಅಂದೆ. ಕದ್ದಿಲ್ಲ, ಕೊಟ್ಟವರು ನೀವು ಅಂದರು. ನನಗೆ ಮೂಗಿನ ತುದಿಯಲ್ಲೇ ಕೋಪ, ಇನ್ನೂ ನಾಲ್ಕು ಆಡುತ್ತಿದ್ದೆ, ಆದರೆ ಆ ಮನುಷ್ಯ ಹೆಣೆದ ದಾರವನ್ನು ಎಷ್ಟು ಜೋಪಾನವಾಗಿ ಹಿಡಿದಿದ್ದರೆಂದರೆ ಬಾಯಿ ಕಟ್ಟಿತು. ನನಗೂ ಬೆಳಿಗ್ಗೆ ಅದನ್ನು ಇಟ್ಟುಕೊಳ್ಳೋಣ ಅನ್ನಿಸಿತ್ತಲ್ಲ. ಅವರನ್ನು ಬೈಯುವ ಯೋಗ್ಯತೆ ನನಗೆಲ್ಲಿಂದ ಬರಬೇಕು.

ಬಸ್ಸು ಕಾಯುತ್ತಿತ್ತು. ಡ್ರೈವರ್ ಐತಪ್ಪ ನನ್ನ ಮುಖ ನೋಡಿದ ಕೂಡಲೇ, ಏನು ದುಗ್ಗಕ್ಕ, ಕ್ಯಾಪ್ಟನ್ ಪ್ಯಾಂಟು ನಿನಗೇ ಬಿತ್ತೇ ಅಂತ ಚುಡಾಯಿಸಿದ. ನಾನು ನಗಲಿಲ್ಲ. ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು ವಿಷಯ ಹೇಳಿದೆ. ಅವನು ಎತ್ತಲೋ ನೋಡುತ್ತ, ಸುಮ್ಮನಿದ್ದುಬಿಡು, ಆಯಮ್ಮನಿಗೆ ಸಂಜೆಯೊಳಗೆ ಕೇಳಿದ್ದೇ ಮರೆತುಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಅಂದ. ಕೆಟ್ಟವನಲ್ಲ ಅವನು, ನನ್ನ ಹೆಸರು ಉಳಿಯಲಿ ಅಂತ ಅಂದದ್ದು. ಆದರೆ ಆ ಮಾತು ಕೇಳಿದ್ದೇ ನಾನು ಬಸ್ಸು ಹತ್ತಿದೆ. ಮರೆಯುವವರಿಗೆ ಮೋಸ ಮಾಡುವುದಕ್ಕಿಂತ ಹೊಲಸು ಇನ್ನೊಂದಿಲ್ಲ.

ಯಮುನಾಬಾಯಿಯ ಪಕ್ಕ ಹೋಗಿ ಕೂತೆ. ಬಸ್ಸು ಕಾಲುವೆಯ ದಂಡೆಯಲ್ಲಿ ನಿಧಾನವಾಗಿ ಹೊರಟಿತು. ಕಿಟಕಿಯ ಹೊರಗೆ ಕೈಗೆ ಸಿಗುವಷ್ಟು ಹತ್ತಿರ ಅವರದೇ ಹಡಗು, ಬಸ್ಸಿನಷ್ಟೇ ನಿಧಾನವಾಗಿ ಬರುತ್ತಿತ್ತು. ಅವರು ತಮ್ಮ ಕೋಣೆಯ ಕಿಟಕಿ ಯಾವುದೆಂದು ಹುಡುಕುತ್ತಿದ್ದರು. ಅಮ್ಮಾ, ನಾನು ತಪ್ಪು ಮಾಡಿದ್ದೇನೆ ಅಂತ ಶುರುಮಾಡಿ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಬೈಯಿರಿ, ಹೊಡೆಯಿರಿ, ಊರಿನವರ ಮುಂದೆ ನಿಲ್ಲಿಸಿ ಕೇಳಿ, ನಾನು ತಲೆತಗ್ಗಿಸಿ ನಿಲ್ಲುತ್ತೇನೆ ಅಂದೆ. ಹೇಳುವಾಗ ನಾನೇ ಅತ್ತೆ, ಅವರು ಅಳಲಿಲ್ಲ.

ಕಿಟಕಿಯಿಂದ ನನ್ನ ಕಡೆ ತಿರುಗಿ, ನಿನಗೆ ಈಗ ಅವಳ ಮುಖ ಗೊತ್ತಿಲ್ಲವೇ ಅಂದರು. ಇಲ್ಲ ಅಂದೆ. ಅವರಿಗೆ ಗೊತ್ತಿದೆಯೇ ಅಂತ ನೇಮಿರಾಜಯ್ಯನ ಕಡೆ ನೋಡಿದರು. ಗೊತ್ತಿದೆ ಅಂದೆ. ಅವರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೇಲ್ಬಾಗಿಲು ಬರುವ ತನಕ ಆ ಮನುಷ್ಯನ ಬೆನ್ನನ್ನೇ ನೋಡುತ್ತ ಕೂತರು.

ಮೇಲ್ಬಾಗಿಲಲ್ಲಿ ಹಡಗಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳಿವೆ. ಉಳಿದವರು ಹತ್ತತೊಡಗಿದರು. ನೇಮಿರಾಜಯ್ಯ ತಲೆತಗ್ಗಿಸಿ ಬೇಗಬೇಗ ಹೋಗುತ್ತಿದ್ದರು, ಯಮುನಾಬಾಯಿ ಹಿಂದಿನಿಂದ ಬಂದು ಅವರ ತೋಳು ಹಿಡಿದು ನಿಲ್ಲಿಸಿದರು. ಅವರು ಓಡಿಹೋಗುತ್ತಾರೆಂದು ನಾನು ಅಂದುಕೊಂಡಿದ್ದೆ. ಓಡಲಿಲ್ಲ. ಆ ಮುದುಕಿಯ ಮುಖ ಎದುರಿಗೆ ಕಂಡದ್ದೇ ಅವರ ಹಟವೆಲ್ಲ ಕರಗಿಹೋಯಿತು. ಮಗುವಿನ ಮುಖದಲ್ಲೂ ಅದೇ ಛಾಯೆ ಇತ್ತೋ ಏನೋ, ನಾನು ಕಾಣೆ.

"ಕೊಟ್ಟುಬಿಡುತ್ತೇನಮ್ಮ," ಅಂದರು. "ನನ್ನದಲ್ಲ. ಮುಂದೆ ನಡೆಯುತ್ತೇನೆ, ನೀವು ಹಿಂದೆ ಬನ್ನಿ."

ಯಮುನಾಬಾಯಿ ತೋಳು ಬಿಡಲಿಲ್ಲ. ನಿಮಗೆಷ್ಟು ವಯಸ್ಸು ಅಂತ ಕೇಳಿದರು. ಅರವತ್ತೆರಡು ಅಂದರು. ಮರೆವು ಇದೆಯೇ, ಕೀಲಿಕೈ ಎಲ್ಲಿಟ್ಟೆ, ಕನ್ನಡಕ ಎಲ್ಲಿಟ್ಟೆ, ಹಾಗೆ? ಇಲ್ಲ ಅಂದರು. ನಾನು ಕೆಲಸಕ್ಕೆ ಸೇರಿದ ವರ್ಷ ಯಾವ ರೈಲು ಎಷ್ಟು ನಿಮಿಷ ತಡವಾಗಿ ಬಂತು ಅಂತ ಈಗಲೂ ಹೇಳಬಲ್ಲೆ ಅಂದರು. ಅಪ್ಪ ಅಮ್ಮ ಎಷ್ಟು ವರ್ಷ ಬದುಕಿದರು ಅಂತ ಕೇಳಿದರು. ಇಬ್ಬರೂ ತೊಂಬತ್ತು ದಾಟಿದವರು. ಗಂಡು ಗೊತ್ತುಮಾಡುವವರ ಹಾಗೆ ಒಂದೊಂದಾಗಿ ಕೇಳಿದರು, ಅವರು ಪರೀಕ್ಷೆಗೆ ನಿಂತವರ ಹಾಗೆ ಒಂದೊಂದಕ್ಕೂ ಉತ್ತರ ಕೊಟ್ಟರು. ಮೇಲಿನಿಂದ ಹಡಗಿನವರು ಬೇಗ ಬೇಗ ಅಂತ ಕರೆಯುತ್ತಿದ್ದರು.

"ಹಾಗಾದರೆ ನಿಮ್ಮ ಹತ್ತಿರವೇ ಇರಲಿ," ಅಂದರು ಯಮುನಾಬಾಯಿ.

ನನಗೆ ಅರ್ಥವಾಗಲಿಲ್ಲ. ಇದಕ್ಕಾಗಿ ತಾನೇ ಬಂದದ್ದು ನೀವು ಅಂತ ನಾನೇ ಕೂಗಿದೆ. ಅವರು ನನ್ನ ಕಡೆ ನೋಡಲಿಲ್ಲ, ನೇಮಿರಾಜಯ್ಯನಿಗೇ ಹೇಳಿದರು. ನನ್ನ ತಲೆ ಸೋರುವ ಕೊಡ, ಇದರಲ್ಲಿ ಅವಳನ್ನು ಹಾಕಿದರೆ ನಾಲ್ಕು ತಿಂಗಳೂ ನಿಲ್ಲುವುದಿಲ್ಲ, ಆಮೇಲೆ ಅವಳ ಮುಖ ಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ ಅಂದರು. ನೋಡಬೇಕೆಂದು ಬಂದೆ ನಿಜ, ಆದರೆ ನಾನು ನೋಡುವುದಕ್ಕಿಂತ ಅವಳು ಎಲ್ಲಾದರೂ ಇರುವುದು ದೊಡ್ಡದು ಅಂದರು. ನಿಮ್ಮಲ್ಲಿ ಮೂವತ್ತು ವರ್ಷವಾದರೂ ಇರುತ್ತಾಳೆ.



"ಇನ್ನೂ ಹತ್ತೊಂಬತ್ತು ದಿನ ನಾವು ಇದೇ ಹಡಗಿನಲ್ಲಿರುತ್ತೇವೆ," ಅಂದರು ಯಮುನಾಬಾಯಿ. "ಈಗ ಆಡಿದ ಮಾತು ನನಗೆ ಮರೆತುಹೋಗುತ್ತದೆ. ನಾನು ಬಂದು ಕೇಳುತ್ತೇನೆ. ಅತ್ತು ಕೇಳುತ್ತೇನೆ. ಕಾಲಿಗೆ ಬಿದ್ದರೂ ಬೀಳುತ್ತೇನೆ. ಆಗ ಹೇಳಬೇಡಿ."

ನೇಮಿರಾಜಯ್ಯ ಎರಡೂ ಕೈ ಜೋಡಿಸಿದರು. ಬೇಡ ಅನ್ನುವುದಕ್ಕೋ, ಆಗಲಿ ಅನ್ನುವುದಕ್ಕೋ, ಅವರಿಗೂ ಗೊತ್ತಿದ್ದ ಹಾಗಿರಲಿಲ್ಲ. ಆಮೇಲೆ ಆಯಮ್ಮನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದರು.

ಬಾಗಿಲು ತೆರೆಯಿತು, ಹಡಗು ಹೊರಟಿತು. ನಾನು ದಂಡೆಯ ಮೇಲೆ ಅದರ ಜೊತೆಜೊತೆಗೆ ನಡೆದೆ, ಕಾರಣವಿಲ್ಲದೆ. ಇಬ್ಬರೂ ಡೆಕ್ಕಿನ ಕಂಬಿಯ ಹತ್ತಿರ ನಿಂತದ್ದು ಕಾಣುತ್ತಿತ್ತು. ಮೊದಲು ಸುಮ್ಮನೆ ಕಾಡು ನೋಡುತ್ತಿದ್ದರು. ಹಡಗು ಇನ್ನೂ ಬಾಗಿಲು ಪೂರ್ತಿ ದಾಟಿರಲಿಲ್ಲ, ಯಮುನಾಬಾಯಿ ನೇಮಿರಾಜಯ್ಯನ ಕಡೆ ತಿರುಗಿ ಏನೋ ಕೇಳಿದರು. ಅವರು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು, ತೋಳು ಹಿಡಿದು ಅಲ್ಲಾಡಿಸಿದರು. ಆಮೇಲೆ ಅವರ ಎದೆಗೆ ಮುಷ್ಟಿಯಿಂದ ಗುದ್ದತೊಡಗಿದರು. ನೇಮಿರಾಜಯ್ಯ ಕಣ್ಣು ಮುಚ್ಚಿಕೊಂಡು, ತುಟಿ ಬಿಗಿದು, ಹೊಡೆಸಿಕೊಳ್ಳುತ್ತ ನಿಂತಿದ್ದರು. ಹಿಂದಕ್ಕೆ ಸರಿಯಲಿಲ್ಲ, ಬಾಯಿ ಬಿಡಲೂ ಇಲ್ಲ.